ಕೋಟುಗಳ ನಡುವೆ ಕೇಳಿದ ಕಚೇರಿ

ಆ ವರ್ಷದ ಮೊದಲ ಕಚೇರಿಯ ಸಂಜೆ ಉಮಾಕಾಂತ ಶೇರಿಗಾರನನ್ನು ಸಭಾಂಗಣದ ಬಾಗಿಲ ಹೊರಗೆ ನಿಲ್ಲಿಸಿ ಸ್ಯಾಕ್ಸೊಫೋನ್ ನುಡಿಸಲು ಹೇಳಿದರು. ಚಂದಾದಾರರೆಲ್ಲ ಅವನ ಮುಂದೆಯೇ ಹಾದು ಒಳಗೆ ಹೋಗಿ ಕೂತರು. ಆಮೇಲೆ ಬಾಗಿಲು ಹಾಕಿಕೊಂಡರು. ಅವನು ಹೊರಗೇ ಉಳಿದ.

ಬಾಗಿಲು ಹಾಕಿದವಳು ಸಂಹಿತಾ.

ಹಾಕು ಎಂದು ಅವಳಿಗೆ ಹೇಳಿದ್ದರು, ಹಾಕಿದಳು. ಲಿಂಕೋಪಿಂಗ್‌ನ ‘ಋತುಗಾನ’ದ ಕ್ರಮವೇ ಹಾಗೆ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಆರು ಕಚೇರಿ. ಬಾಗಿಲಲ್ಲಿ ಟಿಕೆಟ್ ಸಿಗುವುದಿಲ್ಲ. ಬೇಸಿಗೆಯಲ್ಲೇ ವರ್ಷದ ಚಂದಾ ಕೊಟ್ಟ ಕುಟುಂಬಗಳಿಗೆ ಮಾತ್ರ ಕುರ್ಚಿ. ಯಾರ ಕುರ್ಚಿ ಎಲ್ಲಿ ಎಂಬುದು ‘ಋತುಗಾನ’ ಕಟ್ಟಿದ ಲಕ್ಷ್ಮೀನಾರಾಯಣರಿಗೆ ಬಾಯಿಪಾಠ. ತಂಬೂರಿ ಶುರುವಾದ ಮೇಲೆ ಬಾಗಿಲು ತೆರೆಯುವಂತಿಲ್ಲ. ಬೆಂಗಳೂರಿನಿಂದ ಬಂದ ಹಾಡುಗಾರರ ಗಂಟಲಿಗೆ ಸ್ವೀಡನ್ನಿನ ಗಾಳಿ ತಾಗಬಾರದು.

ಸಂಹಿತಾ ಅಲ್ಲಿ ನಿರೂಪಕಿ. ಕಲಾವಿದರ ಪರಿಚಯ ಓದುವುದು, ಬಾಗಿಲು ನೋಡಿಕೊಳ್ಳುವುದು ಅವಳ ಕೆಲಸ. ಲಕ್ಷ್ಮೀನಾರಾಯಣ ಮತ್ತು ರಜನಿ ದಂಪತಿಯ ಮನೆಯ ಮೇಲಿನ ಕೋಣೆಯಲ್ಲಿ ಅವಳ ವಾಸ. ಊರಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ. ವಿಷಯ ಕೇಳಿದರೆ ಚಂದಾದಾರರಾದ ಇಂಜಿನಿಯರುಗಳೆಲ್ಲ ಇನ್ನೊಮ್ಮೆ ಹೇಳಿಸಿಕೊಳ್ಳುತ್ತಿದ್ದರು: ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನಡೆಯುತ್ತಿದ್ದ ಚಂದಾ ಕಚೇರಿಗಳು.

ಮಧ್ಯಂತರದ ಫಿಕಾ ಎಂಬ ಕಾಫಿ ವಿರಾಮದ ಹೊತ್ತಿಗೆ, ಒಳಗೆ ಕಾಫಿ ಮತ್ತು ಕೇಸರಿಬಾತಿನ ಗಲಾಟೆ ಎದ್ದಾಗ, ಕೋಟಿನ ತೋಳಿನಲ್ಲಿ ತುರುಕಿಟ್ಟಿದ್ದ ಶಾಲು ತೆಗೆದುಕೊಳ್ಳಲೆಂದು ಅವಳು ಹೊರಬಾಗಿಲಿಗೂ ಸಭಾಂಗಣಕ್ಕೂ ನಡುವಿನ ಕೋಟುಗಳ ಕೋಣೆಗೆ ಬಂದಳು. ಸಾಲುಸಾಲು ಕಪ್ಪು ಕೋಟುಗಳು. ದೀಪ ಹಾಕುವ ಗೋಜಿಗೆ ಹೋಗದೆ ತನ್ನ ಕೋಟೆಂದುಕೊಂಡು ಒಂದರ ತೋಳಿಗೆ ಕೈ ತೂರಿಸಿದಳು.

ತೋಳಿನೊಳಗೆ ಬೆಚ್ಚಗಿನ ಇನ್ನೊಂದು ಕೈ ಸಿಕ್ಕಿತು.

“ಅದರಲ್ಲಿ ಜನ ಇದಾರೆ,” ಎಂದಿತು ಕೋಟು.

ಸಂಹಿತಾ ಕಿರುಚಲಿಲ್ಲ. ಕಿರುಚಲು ಬಾಯಿ ತೆರೆದದ್ದು ಮಾತ್ರ ನಿಜ. ಕೋಟುಗಳು ಸರಿದು ಹಜಾರದ ಬೆಳಕು ಬಿತ್ತು. ಪುಟ್ಟ ಸ್ಟೂಲಿನ ಮೇಲೆ, ಮಡಿಲಲ್ಲಿ ಸ್ಯಾಕ್ಸೊಫೋನಿನ ಪೆಟ್ಟಿಗೆ ಇಟ್ಟುಕೊಂಡು, ಬಾಗಿಲಲ್ಲಿ ನುಡಿಸಿದವನು ಕೂತಿದ್ದ. ನಗು ತಡೆದುಕೊಂಡು ಅವನ ಕಿವಿಗಳು ಕೆಂಪಾಗಿದ್ದವು.

“ನೀವಿಲ್ಲಿ ಏನ್ ಮಾಡ್ತಿದೀರಾ?”

“ಕಚೇರಿ ಕೇಳ್ತಾ ಇದೇನೆ.”

“ಕೋಟುಗಳ ಮಧ್ಯೆ ಕೂತ್ಕೊಂಡು?”

“ಒಳಗೆ ಸೀಟ್ ಫುಲ್ ಅಂತಲ್ಲ. ಇಲ್ಲಿ ಒಂದು ಖಾಲಿ ಇತ್ತು.” ಅವನು ಹಿಂದಿನ ಗೋಡೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ. “ಈ ಗೋಡೆ ಬರೀ ಹಲಗೆ. ವಯಲಿನ್ನಿನ ಮಂದ್ರ ಚಂದ ಬರ್ತದೆ. ವಿಮಾನದ ರೆಕ್ಕೆ ಎಲ್ಲಿ ನಡುಗ್ತದೆ ಅಂತ ಹುಡುಕೋದೇ ನನ್ನ ಕೆಲಸ. ಗೋಡೆ ಎಲ್ಲಿ ನಡುಗ್ತದೆ ಅಂತ ಗೊತ್ತಾಗಲ್ವಾ?”

“ನೀವು ಇಂಜಿನಿಯರ್ರಾ? ನಿಮ್ಮನ್ನ ಮಾಲ್ಮೋದಿಂದ ಕರೆಸಿದಾರೆ ಅಂದ್ಕೊಂಡಿದ್ದೆ.”

“ಇದೇ ಊರು. ಲಾಂಬೋಹೋವ್‌ನಲ್ಲಿ ಮನೆ. ಬೇಸಿಗೆಯಲ್ಲಿ ಚಂದಾ ಕೊಡೋಕೇ ಹೋಗಿದ್ದೆ. ಫ್ಯಾಮಿಲಿ ಇದ್ದವರಿಗೆ ಮಾತ್ರ ಅಂದ್ರು. ಅಪ್ಪ ದೇವಸ್ಥಾನದಲ್ಲಿ ವಾದ್ಯ ನುಡಿಸೋದು, ನಂಗೂ ಸ್ಯಾಕ್ಸೊಫೋನ್ ಬರ್ತದೆ ಅಂತ ಮಾತಿಗೆ ಹೇಳ್ದೆ. ಹಾಗಾದ್ರೆ ಮಂಗಳವಾದ್ಯಕ್ಕೆ ಬನ್ನಿ ಅಂದ್ರು.”

“ಒಪ್ಕೊಂಡ್ಬಿಟ್ರಾ?”

“ಅದಕ್ಕೆ ಫ್ಯಾಮಿಲಿ ಬೇಡವಂತೆ.”

ಅವಳಿಗೆ ನಗು ಬಂತು. ನಕ್ಕ ಮೇಲೆ ನಾಚಿಕೆಯಾಯಿತು. ಬಾಗಿಲು ಹಾಕಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ಆಗಷ್ಟೇ ಸಿಕ್ಕ ಶಾಲಿನೊಳಗೆ ಬಚ್ಚಿಟ್ಟಳು.

*

ಅವಳ ಪಿಎಚ್‌ಡಿಯ ಇಂಗ್ಲಿಷ್ ಊರು ಉಣ್ಣೆಯ ವ್ಯಾಪಾರದಿಂದ ಬದುಕಿದ ಊರು. ಒಂದು ವಸತಿಗೃಹದ ಮಹಡಿಯಲ್ಲಿ ಕಚೇರಿ. ಚಂದಾ ಕೊಡಲು ಆಸೆಪಟ್ಟವನನ್ನು ಮೊದಲೇ ಇದ್ದ ಚಂದಾದಾರರು ಒಪ್ಪಬೇಕಿತ್ತು. ಅಂಗಡಿಯವನಿಗೆ ಪ್ರವೇಶ ಸಿಗುತ್ತಿರಲಿಲ್ಲ. ಮೇಳದಲ್ಲಿ ಹವ್ಯಾಸಕ್ಕೆ ಪಿಟೀಲು ಹಿಡಿದ ಧನಿಕರು ಮುಂದಿನ ಮೆಟ್ಟಿಲಿನಿಂದ ಬಂದರೆ, ಕೊಳಲು, ಕ್ಲಾರಿನೆಟ್ಟು ಊದಿ ಹೊಟ್ಟೆ ಹೊರೆಯುವ ಊರಿನ ವಾದ್ಯದವರು ಅಡುಗೆಮನೆಯ ಮೆಟ್ಟಿಲಿನಿಂದ ಬರುತ್ತಿದ್ದರು. ಸಂಗೀತ ಮಾತ್ರ ಎರಡೂ ಮೆಟ್ಟಿಲಿನದೂ ಕೂಡಿಯೇ ಕೇಳುತ್ತಿತ್ತು.

ನವೆಂಬರಿನ ಕಚೇರಿಯ ಮಧ್ಯಂತರದಲ್ಲಿ, ಕೋಟುಗಳ ನಡುವೆ ನಿಂತು, ಸಂಹಿತಾ ಇದನ್ನೆಲ್ಲ ಆವೇಶದಿಂದ ಹೇಳಿದಳು. ಮೈಸೂರಿನ ಓದುವ ಬಳಗದಲ್ಲಿ ಬೆಳೆದವಳು ಅವಳು. ಅನ್ಯಾಯ ಕಂಡರೆ ಅವಳ ಮಾತಿನಲ್ಲಿ ಪ್ಯಾರಾಗಳು ಬೀಳುತ್ತಿದ್ದವು.

“ಚಂದಾ ಕೊಟ್ಟೋರು ಕೊಂಡ್ಕೊಳ್ತಿದ್ದಿದ್ದು ಸಂಗೀತ ಅಲ್ಲ. ಪಕ್ಕದಲ್ಲಿ ಯಾರು ಕೂರಬಾರದು ಅನ್ನೋದನ್ನ. ಗೊತ್ತಾ?”

ಉಮಾಕಾಂತ ಅವಳು ತಂದಿದ್ದ ಕಾಫಿ ಊದುತ್ತ ಕೇಳಿದ. “ನೀವು ಸಿಟ್ಟು ಮಾಡ್ಕೊಂಡಾಗ ಹುಬ್ಬು ಎರಡೂ ಸೇರಿ ಒಂದೇ ಆಗ್ತದೆ.”

“ನಾನು ಸೀರಿಯಸ್ಸಾಗಿ ಮಾತಾಡ್ತಿದೀನಿ.”

“ನಾನೂ ಸೀರಿಯಸ್. ನಿಮ್ಮ ಥೀಸಿಸ್‌ನಲ್ಲಿ ಇರೋರೆಲ್ಲ ಸತ್ತಿದಾರೆ. ಬದುಕಿರೋನೊಬ್ಬ ಇಲ್ಲಿ ಚಳಿಯಲ್ಲಿ ಕೂತಿದಾನೆ, ಕೇಸರಿಬಾತ್ ತಂದಿಲ್ಲ ನೀವು.”

ಅವಳು ಹೋಗಿ ತಂದಳು. ಬರುವಾಗ ಎರಡು ಚಮಚ ತಂದಳು.

ಒಳಗೆ ಮತ್ತೆ ತಂಬೂರಿ ಶುರುವಾಯಿತು. ಅವಳು ಹೋಗಬೇಕಿತ್ತು, ಮುಂದಿನ ಸಾಲಿನ ಅಂಚಿನಲ್ಲಿ ಅವಳ ಕುರ್ಚಿಯಿತ್ತು. ಹೋಗಲಿಲ್ಲ. ಸ್ಟೂಲಿನ ಪಕ್ಕ ಬೂಟುಗಳ ಕಟ್ಟೆಯ ಮೇಲೆ ಕೂತಳು. ಗೋಡೆಯಾಚೆ ರಾಗ ನಿಧಾನಕ್ಕೆ ಕಣ್ಣು ಬಿಡುತ್ತಿತ್ತು.

“ಬಾಗಿಲಲ್ಲಿ ನುಡಿಸೋಕೆ ನಿಮಗೆ ಅವಮಾನ ಅನ್ಸಲ್ವಾ?” ಪಿಸುಗುಟ್ಟಿದಳು.

ಅವನು ಚಮಚ ಕೆಳಗಿಟ್ಟ. “ಅಪ್ಪ ನುಡಿಸಿದ್ದೆಲ್ಲ ಬಾಗಿಲಲ್ಲೇ. ಮದುವೆಮನೆ ಬಾಗಿಲು, ಗುಡಿ ಬಾಗಿಲು. ವೆಂಕಟೇಶ ಶೇರಿಗಾರರು ಊದದೆ ನಮ್ಮ ಸುತ್ತಮುತ್ತ ಒಂದು ಹೆಣ್ಣೂ ಗಂಡನ ಮನೆಗೆ ಹೋಗಲಿಲ್ಲ. ಬಾಗಿಲಲ್ಲಿ ನುಡಿಸೋದ್ರಲ್ಲಿ ಎಂತ ಅವಮಾನ? ಬಾಗಿಲು ಹಾಕೋದ್ರಲ್ಲಿ ಇರೋದು.”

ಸಂಹಿತಾ ತಲೆ ತಗ್ಗಿಸಿದಳು.

“ನಿಮಗೆ ಹೇಳಿದ್ದಲ್ಲ ಮಾರಾಯ್ರೆ,” ಅವನು ಗಾಬರಿಯಾದ. ಕರಾವಳಿಯ ಮಾತನ್ನು ಈ ಊರಿನ ಕನ್ನಡಿಗರ ನಡುವೆ ಅವನು ಹದ ಮಾಡಿಕೊಂಡಿದ್ದ. ಗಾಬರಿಯಾದಾಗ ಹದ ತಪ್ಪುತ್ತಿತ್ತು. “ಸರಿ, ಕೈ ಕೊಡಿ ಇಲ್ಲಿ.”

“ಯಾಕೆ?”

“ಆಟ. ನಾನು ಬೆರಳಲ್ಲಿ ನುಡಿಸೋದು ಯಾವ ರಾಗ ಅಂತ ಹೇಳ್ಬೇಕು ನೀವು.”

ಅವಳ ಸ್ವೆಟರಿನ ತೋಳಿನ ಮೇಲೆ ಅವನ ಬೆರಳುಗಳು ಇಳಿದವು. ಸ್ಯಾಕ್ಸೊಫೋನಿನ ಗುಂಡಿ ಒತ್ತುವ ಹಾಗೆ, ಸದ್ದಿಲ್ಲದೆ. ಮೇಲೆ ಮೂರು, ಕೆಳಗೆ ಎರಡು, ಒಂದು ಬೆರಳು ಏಳಲೋ ಬೇಡವೋ ಎಂದು ಅನುಮಾನಿಸಿ ಅರ್ಧಕ್ಕೇ ಮರಳಿತು. ಉಣ್ಣೆಯ ಕೆಳಗೆ ಅವಳ ಕೈಯ ರೋಮಗಳೆಲ್ಲ ಎದ್ದು ನಿಂತು ಕೇಳಿದವು.

“ಶಹಾನ,” ಅಂದಳು.

“ಹೇಗೆ ಗೊತ್ತಾಯ್ತು?”

“ಆ ಬೆರಳು ಹಿಂದೆ ಬಂತಲ್ಲ. ಹೇಳಬೇಕಾದ್ದನ್ನ ಹೇಳದೆ.”

ಅವನು ಅವಳನ್ನೇ ನೋಡಿದ. ಆಮೇಲೆ ಬೇರೆ ಕಡೆ ನೋಡಿದ. ಬೆರಳುಗಳನ್ನು ಮಾತ್ರ ತೆಗೆಯಲಿಲ್ಲ.

*

“ಅಂಕಲ್, ಉಮಾಕಾಂತ್‌ಗೆ ಒಳಗೆ ಒಂದು ಕುರ್ಚಿ ಹಾಕ್ಬಹುದಲ್ವಾ?” ಅವಳು ಒಂದು ಭಾನುವಾರ ಊಟದ ಮೇಜಿನಲ್ಲಿ ಕೇಳಿದಳು.

ಲಕ್ಷ್ಮೀನಾರಾಯಣರು ನಿಜವಾಗಿಯೂ ಯೋಚಿಸಿದರು. “ಹಾಕ್ಬಹುದು ಕಣಮ್ಮ. ಆದ್ರೆ ಪಾಪ, ಆ ಹುಡುಗನಿಗೇ ಸಂಕೋಚ ಆಗತ್ತೆ. ಅವರು ವಾದ್ಯದವರು ನೋಡು, ನುಡಿಸೋಕೆ ಬರ್ತಾರೆ. ಕೂತು ಕೇಳೋ ಅಭ್ಯಾಸ ಇರಲ್ಲ.”

“ಇಡೀ ಕಚೇರಿ ಕೋಟುಗಳ ರೂಮಲ್ಲಿ ಕೂತು ಕೇಳ್ತಾರೆ ಅವರು.”

“ಹೌದಾ!” ಅವರ ಮುಖ ಅರಳಿತು. “ಎಂಥ ಸಂಸ್ಕಾರ ನೋಡು. ರಜನಿ, ಮುಂದಿನ ಸಲ ಆ ಹುಡುಗನಿಗೆ ಅಲ್ಲಿಗೇ ಒಂದು ಪ್ಲೇಟ್ ಕಳಿಸು.”

ರಜನಿ ಗಂಡನನ್ನು ನೋಡಿದರು, ಸಂಹಿತಾಳನ್ನು ನೋಡಿದರು. “ಅವಳು ಆಗಲೇ ಕಳಿಸ್ತಿದಾಳೆ ಅನ್ಸತ್ತೆ,” ಎಂದು ಸಾರು ಬಡಿಸಿದರು.

ಲಕ್ಷ್ಮೀನಾರಾಯಣರು ಕೆಟ್ಟವರಾಗಿರಲಿಲ್ಲ. ಹಿಮ ಸುರಿಯುವ ರಸ್ತೆಯಲ್ಲಿ ಆರ್ಲಾಂಡಾ ಏರ್‌ಪೋರ್ಟಿಗೆ ಕಾರು ಓಡಿಸಿಕೊಂಡು ಹೋಗಿ, ಫ್ಲಾಸ್ಕಿನಲ್ಲಿ ಮೆಣಸಿನ ಸಾರು ಹಿಡಿದು ಕಲಾವಿದರಿಗಾಗಿ ಕಾಯುವ ಮನುಷ್ಯ. ಒಳ್ಳೆಯ ಕಾಂಬೋಜಿ ಕೇಳಿದರೆ ಕಣ್ಣೀರು ಹಾಕುವ ಮನುಷ್ಯ. ಸಂಹಿತಾಳಿಗೆ ಮನೆ ಸಿಗದೆ ಪರದಾಡುವಾಗ ಕೋಣೆ ಕೊಟ್ಟವರು. ಒಳ್ಳೆಯವರು ಹಾಕಿದ ಬಾಗಿಲನ್ನು ತಟ್ಟುವುದು ಬಹಳ ಕಷ್ಟ. ಒಳಗಿರುವವರು ದುಷ್ಟರಾಗಿದ್ದರೆ ಒದೆಯಬಹುದಿತ್ತು.

*

ಜನವರಿಯ ಕಚೇರಿಯ ದಿನ ಮೊಣಕಾಲೆತ್ತರ ಹಿಮ. ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಉಮಾಕಾಂತ ಬಾಗಿಲಲ್ಲಿ ನಿಂತ. ಸ್ಯಾಕ್ಸೊಫೋನಿನ ಊದುವ ತುದಿಯ ರೀಡು ಹೆಪ್ಪುಗಟ್ಟದಂತೆ ಆಗಾಗ ಬಾಯಲ್ಲಿಟ್ಟು ಕಾಯಿಸಿಕೊಳ್ಳುತ್ತಿದ್ದ. ಸಂಹಿತಾ ಗಾಜಿನ ಒಳಗಿನಿಂದ ನೋಡುತ್ತಿದ್ದಳು. ಚಂದಾದಾರರು ಬಂದರು, ಬೂಟಿನ ಹಿಮ ಕೊಡವಿದರು, “ವಾವ್, ಏನ್ ಚೆನ್ನಾಗಿದೆ ಅಲ್ವಾ, ಥೇಟ್ ಮದುವೆಮನೆ,” ಎಂದು ಒಳಗೆ ನಡೆದರು. ಒಬ್ಬರೂ ನಿಲ್ಲಲಿಲ್ಲ.

ಅವನು ಕಣ್ಣು ಮುಚ್ಚಿದ್ದ. ರೆಪ್ಪೆಯ ಮೇಲೆ ಹಿಮ ಕೂತಿತ್ತು. ಉಸಿರು ವಾದ್ಯದ ಬಾಯಿಂದ ಬಿಳಿ ಹೊಗೆಯಾಗಿ ಹೊರಡುತ್ತಿತ್ತು, ರಾಗವೇ ಕಣ್ಣಿಗೆ ಕಾಣುವ ಹಾಗೆ.

ಸಂಹಿತಾ ಫೋನ್ ತೆಗೆದು ಒಂದು ಫೋಟೋ ತೆಗೆದಳು.

ಆಮೇಲೆ ಕೋಟುಗಳ ನಡುವೆ ಅವನ ತುಟಿ ನೋಡಿದಳು. ಒಡೆದು ರಕ್ತ ಜಿನುಗಿತ್ತು. ಚೀಲದಿಂದ ಲಿಪ್ ಬಾಮ್ ತೆಗೆದು ಕೊಟ್ಟಳು.

“ಇದು ನಿಮ್ಮದಾ?” ಎಂದು ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಹೂಂ.”

“ನೀವು ಹಚ್ಕೊಳ್ಳೋದು?”

“ಅಲ್ಲ, ಶೋಕೇಸಲ್ಲಿ ಇಡೋದು.” ಅವಳ ಕೆನ್ನೆ ಬಿಸಿಯಾಯಿತು. “ಸುಮ್ನೆ ಹಚ್ಕೊಳ್ರೀ.”

ಅವನು ಬಹಳ ನಿಧಾನವಾಗಿ, ಮೇಲಿನ ತುಟಿಗೆ, ಆಮೇಲೆ ಕೆಳಗಿನ ತುಟಿಗೆ ಹಚ್ಚಿಕೊಂಡ. ಹಚ್ಚಿಕೊಳ್ಳುವಷ್ಟು ಹೊತ್ತೂ ಅವಳನ್ನೇ ನೋಡಿದ. ಗೋಡೆಯಾಚೆ ಮೃದಂಗದವರು ತನಿ ಆವರ್ತನ ಶುರುಮಾಡಿದರು. ಅದರಲ್ಲಿ ಯಾವುದು ಮೃದಂಗ, ಯಾವುದು ತನ್ನ ಎದೆ ಎಂದು ಸಂಹಿತಾಳಿಗೆ ತಿಳಿಯಲಿಲ್ಲ.

*

ಫೆಬ್ರವರಿಯಲ್ಲಿ ಅವಳ ವಿಭಾಗದಲ್ಲಿ ಸೆಮಿನಾರು. “ನೀವು ಬರಲೇಬೇಕು,” ಎಂದು ಉಮಾಕಾಂತನನ್ನು ಕರೆದಿದ್ದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅರ್ಧ ದಿನ ರಜೆ ಹಾಕಿ, ಏಲಕ್ಕಿ ಬನ್ನುಗಳ ಪೊಟ್ಟಣ ಹಿಡಿದು ಹಿಂದಿನ ಸಾಲಿನಲ್ಲಿ ಕೂತ.

ಅವಳು ಚೆನ್ನಾಗಿ ಮಾತಾಡಿದಳು. ಅಡುಗೆಮನೆಯ ಮೆಟ್ಟಿಲುಗಳ ಬಗ್ಗೆ, ಸಂಗೀತ ಬೇಕು ಸಂಗೀತದವನು ಬೇಡ ಎನ್ನುವ ರಸಿಕತೆಯ ಬಗ್ಗೆ. ಕೊನೆಯಲ್ಲಿ ಪರದೆಯ ಮೇಲೆ ಆ ಫೋಟೋ ಬಂತು. ಹಿಮ, ಮುಚ್ಚಿದ ಕಣ್ಣು, ಬಿಳಿ ಉಸಿರು.

“ಇದು ಇಂಗ್ಲೆಂಡ್ ಅಲ್ಲ, ಹತ್ತೊಂಬತ್ತನೇ ಶತಮಾನವೂ ಅಲ್ಲ,” ಎಂದಳು. “ಇದು ನಮ್ಮ ಊರು. ಕಳೆದ ತಿಂಗಳು.”

ಕೋಣೆಯಲ್ಲಿ ನಿಟ್ಟುಸಿರು ಹಾದುಹೋಯಿತು. ಮುಂದಿನ ಸಾಲಿನ ಹಿರಿಯ ಪ್ರೊಫೆಸರೊಬ್ಬರು ಸ್ವೀಡಿಷಿನಲ್ಲಿ “ಅಯ್ಯೋ, ಪಾಪದ ಮನುಷ್ಯ,” ಎಂದರು. ಎಲ್ಲರೂ ಪರದೆಯನ್ನು ನೋಡುತ್ತಿದ್ದರು. ಸಂಹಿತಾ ಹಿಂದಿನ ಸಾಲನ್ನು ಹುಡುಕಿದಳು. ಕುರ್ಚಿಯ ಮೇಲೆ ಬನ್ನಿನ ಪೊಟ್ಟಣ ಮಾತ್ರ ಇತ್ತು.

ಫೋನ್ ಮಾಡಿದಳು. ಎತ್ತಲಿಲ್ಲ. ಮೆಸೇಜ್ ಮಾಡಿದಳು. ಒಂದೇ ಸಾಲು ಬಂತು: “ನಿಮ್ಮ ಉದಾಹರಣೆ ಆಗೋಕೆ ನಾನು ಬಂದಿರಲಿಲ್ಲ.”

ಮಾರ್ಚಿನ ಕಚೇರಿಗೆ ಅವನು ಬರಲಿಲ್ಲ. ಲಕ್ಷ್ಮೀನಾರಾಯಣರು ಬಾಗಿಲಲ್ಲಿ ಸ್ಪೀಕರ್ ಇಟ್ಟು ಫೋನಿನಿಂದ ನಾಗಸ್ವರ ಹಾಕಿದರು. ಮಧ್ಯದಲ್ಲಿ ಜಾಹೀರಾತು ಬಂತು. ಸಂಹಿತಾ ಕೋಟುಗಳ ನಡುವೆ ಒಬ್ಬಳೇ ಕೂತಳು. ಹಲಗೆಯ ಗೋಡೆ ಅಷ್ಟೇ ಚೆನ್ನಾಗಿ ನಡುಗಿತು. ಅವಳಿಗೆ ಏನೂ ಕೇಳಿಸಲಿಲ್ಲ.

ಮರುದಿನ ಅವನು ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮರಳುವ ದಾರಿಯಲ್ಲಿ, ಸ್ಟಾಂಗೋನ್ ನದಿಯ ಸೇತುವೆಯ ಮೇಲೆ ನಿಂತಳು. ಮಂಜುಗಡ್ಡೆ ಒಡೆದು ತೇಲುತ್ತಿತ್ತು. ಅವನು ಅವಳನ್ನು ಕಂಡು ಬ್ರೇಕ್ ಹಾಕಿದ, ಆದರೆ ಸೈಕಲ್ಲಿನಿಂದ ಇಳಿಯಲಿಲ್ಲ.

“ತಪ್ಪಾಯ್ತು,” ಅಂದಳು. ತಯಾರಿ ಮಾಡಿಕೊಂಡು ಬಂದಿದ್ದ ಪ್ಯಾರಾಗಳೆಲ್ಲ ನೀರಿಗೆ ಬಿದ್ದವು. “ನಿಮ್ಮನ್ನ ಕೇಳಬೇಕಿತ್ತು. ಕೇಳಲಿಲ್ಲ. ನಿಮಗೆ ಆಗಿರೋ ಅನ್ಯಾಯ ಎಲ್ರಿಗೂ ಕಾಣ್ಲಿ ಅಂತ…”

“ಕಂಡಿತಲ್ಲ. ಪಾಪ ಅಂದ್ರು.” ಅವನು ಹ್ಯಾಂಡಲ್ ನೋಡುತ್ತ ಹೇಳಿದ. “ನಿಂತು ನುಡ್ಸುದು ನಂಗೆ ಕಷ್ಟ ಅಲ್ಲ ಸಂಹಿತಾ. ಪಾಪ ಅನ್ನಿಸ್ಕೊಂಬುದು ಕಷ್ಟ. ಅಪ್ಪನನ್ನ ಯಾರೂ ಪಾಪ ಅಂದದ್ದಿಲ್ಲ.”

“ಗೊತ್ತಾಯ್ತು.”

“ನಿಮಗೆ ಗೊತ್ತಾಗ್ಲಿಲ್ಲ.” ಈಗ ಅವನು ಇಳಿದ. ಸೈಕಲ್ಲನ್ನು ಕಂಬಿಗೆ ಒರಗಿಸಿದ. “ಆ ದಿನ ನಾನು ಯಾರಿಗೆ ನುಡಿಸ್ತಾ ಇದ್ದೆ ಅಂತ ಮಾಡಿದ್ರಿ? ಒಳಗೆ ಹೋಗುವವರಿಗಾ? ಗಾಜಿನ ಹಿಂದೆ ನೀವು ನಿಂತಿದ್ರಲ್ಲ. ಕಣ್ಣು ಮುಚ್ಚಿದ್ದು ಎಂತಕ್ಕೆ? ತೆರೆದ್ರೆ ಸ್ವರ ತಪ್ತದೆ, ನೀವು ಎದುರಿಗೆ ಇದೀರಿ ಅಂತ. ಆ ಫೋಟೋದಲ್ಲಿ ಇದ್ದದ್ದು ಪಾಪದವ ಅಲ್ಲ. ನಿಮ್ಮನ್ನ ಪ್ರೀತಿ ಮಾಡುವವ. ನೀವು ಅದರ ಕೆಳಗೆ ಬೇರೆ ಎಂತದೋ ಬರೆದ್ರಿ.”

ಸಂಹಿತಾ ತೇಲುವ ಮಂಜುಗಡ್ಡೆಯನ್ನು ನೋಡಿದಳು. ಇಷ್ಟು ವರ್ಷ ಓದಿದವಳು, ಒಂದು ಮುಖ ಓದಲು ಬರಲಿಲ್ಲ.

“ಆ ಫೋಟೋ ನಾನು ಸೆಮಿನಾರಿಗೆ ಅಂತ ತೆಗೀಲಿಲ್ಲ,” ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. “ತೆಗೆದ ಮೇಲೆ ಯಾಕೆ ತೆಗೆದೆ ಅಂತ ಭಯ ಆಯ್ತು. ಥೀಸಿಸ್‌ಗೆ ಅಂತ ನನಗೆ ನಾನೇ ಹೇಳ್ಕೊಂಡೆ.”

“ಈಗ?”

“ಈಗಲೂ ಭಯ ಆಗ್ತಿದೆ.”

ಅವನು ಕೈಗವಸು ತೆಗೆದು ಕೈ ಚಾಚಿದ. ಅವಳು ತನ್ನದನ್ನೂ ತೆಗೆದಳು. ಸೇತುವೆಯ ಮೇಲೆ ಸೈಕಲ್ಲುಗಳು ಗಂಟೆ ಬಾರಿಸುತ್ತ, ಇಬ್ಬರನ್ನೂ ಸುತ್ತಿಕೊಂಡು ಹೋದವು.

*

‘ಋತುಗಾನ’ದ ಕೊನೆಯ ಕಚೇರಿ ಏಪ್ರಿಲಿನಲ್ಲಿ. ಹೊರಗಿನ ಕಲಾವಿದರಿಲ್ಲ, ಅಂದು ಊರಿನವರೇ ಹಾಡಬೇಕು, ನುಡಿಸಬೇಕು. “ಆ ಹುಡುಗ ಇಲ್ದೆ ಬಾಗಿಲು ಬೋಳುಬೋಳಾಗಿತ್ತು ಕಣಮ್ಮ,” ಎಂದು ಲಕ್ಷ್ಮೀನಾರಾಯಣರೇ ಒಂದು ದಿನ ಕೊರಗಿದಾಗ ಸಂಹಿತಾ ಹೇಳಿದಳು: “ಬಾಗಿಲಿಗೆ ಅವರು ಇನ್ನು ಬರಲ್ಲ ಅಂಕಲ್. ವೇದಿಕೆಗೆ ಕರೆದ್ರೆ ಬರ್ತಾರೇನೋ. ಒಂದು ಸಲ ಕೂತು ಕೇಳಿ ನೋಡಿ.”

ಅವರು ಮನೆಗೆ ಕರೆಸಿ ಕೇಳಿದರು. ಉಮಾಕಾಂತ ಸೋಫಾದ ತುದಿಯಲ್ಲಿ ಕೂತು ಶಹಾನ ನುಡಿಸಿದ. ನುಡಿಸಿ ಮುಗಿಸಿದಾಗ ಲಕ್ಷ್ಮೀನಾರಾಯಣರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಷ್ಟು ತಿಂಗಳು ಬಾಗಿಲಲ್ಲಿ ಇದೇ ಮನುಷ್ಯ, ಇದೇ ವಾದ್ಯ ನುಡಿಸಿದ್ದ. ಅವರು ಕೂತು ಕೇಳಿದ್ದು ಇದೇ ಮೊದಲು.

“ಅರ್ಧ ಗಂಟೆ ನಿನಗೆ. ಕೊನೇ ಐಟಂ. ಮೃದಂಗ, ವಯಲಿನ್ ಎಲ್ಲ ನಾನು ನೋಡ್ಕೋತೀನಿ,” ಎಂದು ಅವನ ಭುಜ ಹಿಡಿದರು. “ಹಾಂ, ಪರಿಚಯಕ್ಕೆ ಹೇಳಪ್ಪ. ಗುರುಗಳು ಯಾರು?”

“ಅಪ್ಪ, ಸರ್. ವೆಂಕಟೇಶ ಶೇರಿಗಾರರು.”

“ಅಪ್ಪ ಸರಿ. ಗುರುಗಳು?”

“ಅಪ್ಪನೇ.”

ಲಕ್ಷ್ಮೀನಾರಾಯಣರು ಮುಗುಳ್ನಕ್ಕರು, ಮಗುವಿಗೆ ತಿಳಿಹೇಳುವಂತೆ. “ಹಾಗಲ್ಲಪ್ಪ. ಓಲಗ ಬೇರೆ, ಕಚೇರಿ ಬೇರೆ. ಕೇಳೋರಿಗೆ ಯಾರ ಶಿಷ್ಯ, ಯಾವ ಪರಂಪರೆ ಅಂತ ಒಂದು ಮನಸ್ಸಲ್ಲಿರತ್ತೆ. ಬೇರೆ ಯಾರ ಹತ್ತಿರಾನೂ ಕಲ್ತಿಲ್ವಾ?”

“ಉಡುಪಿಯಲ್ಲಿ ಮಧುಸೂದನಾಚಾರ್ಯರ ಶಿಬಿರ ಒಂದಕ್ಕೆ ಹೋಗಿದ್ದೆ. ಎರಡು ವಾರ.”

“ನೋಡು! ಎಂಥ ದೊಡ್ಡ ಹೆಸರು. ಅದನ್ನೇ ಹಾಕೋಣ. ವಿದ್ವಾನ್ ಮಧುಸೂದನಾಚಾರ್ಯರ ಶಿಷ್ಯರು. ಸಂಹಿತಾ, ಹಾಗೇ ಓದಮ್ಮ. ನಿನಗೇ ಒಳ್ಳೇದು ಕಣೋ, ಮುಂದಿನ ವರ್ಷ ಪೂರ್ತಿ ಕಚೇರಿ ಕೊಡಿಸ್ಬಹುದು.”

ಸಂಹಿತಾಳ ಹುಬ್ಬುಗಳು ಕೂಡಿಕೊಂಡವು. ಬಾಯಿ ತೆರೆದಳು. ಉಮಾಕಾಂತನನ್ನು ನೋಡಿ ಮುಚ್ಚಿಕೊಂಡಳು. ಒಮ್ಮೆ ಅವನನ್ನು ಕೇಳದೆ ಅವನ ಪರವಾಗಿ ಮಾತಾಡಿದ್ದಳು. ಈ ಸಲ ಮಾತು ಅವನದು.

ಅವನು ಕಾರ್ಪೆಟ್ ನೋಡುತ್ತ ಹೇಳಿದ: “ಆಗ್ಲಿ ಸರ್.”

ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು.

“ನಿಜವಾಗ್ಲೂ ಓಕೆನಾ?” ಕೊನೆಗೆ ಕೇಳಿದಳು.

“ಅಪ್ಪ ಅಲ್ಲಿ ಊರಲ್ಲಿ. ಇದೆಲ್ಲ ಅವರಿಗೆ ಗೊತ್ತಾಗೂದಿಲ್ಲ.” ಅವನ ದನಿ ಒಣಗಿತ್ತು. “ಒಮ್ಮೆ ಒಳಗೆ ಕೂತು ನುಡಿಸ್ಬೇಕು ಸಂಹಿತಾ. ಎಲ್ಲರೂ ಕೂತು ಕೇಳ್ಬೇಕು. ನಂಗೆ ಅಷ್ಟು ಆಸೆ ಉಂಟು ಅಂತ ನಂಗೇ ಗೊತ್ತಿರ್ಲಿಲ್ಲ.”

“ಹಾಗಾದ್ರೆ ಓದ್ತೀನಿ.”

“ನಿಮಗೆ ಬೇಜಾರಾ?”

“ನೀವು ಓದು ಅಂದಿದ್ದನ್ನ ಓದ್ತೀನಿ,” ಎಂದಳು. ಬಸ್ಸು ಬಂತು. ಅವನು ಹತ್ತಿದ. ಕಿಟಕಿಯಿಂದ ಕೈ ಬೀಸಲಿಲ್ಲ.

*

ಸಭಾಂಗಣ ತುಂಬಿತ್ತು. ಉಮಾಕಾಂತ ವೇದಿಕೆಯ ಮೇಲೆ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಕೂತಿದ್ದ. ಎಡಕ್ಕೆ ವಯಲಿನ್, ಬಲಕ್ಕೆ ಮೃದಂಗ. ಎಲೆಕ್ಟ್ರಾನಿಕ್ ತಂಬೂರಿ ಹಿತವಾಗಿ ಗುಂಯ್‌ಗುಡುತ್ತಿತ್ತು. ಮುಂದಿನ ಸಾಲಿನಲ್ಲಿ ಲಕ್ಷ್ಮೀನಾರಾಯಣರು ಮಗಳ ಮದುವೆ ಮಾಡುವ ತಂದೆಯಂತೆ ಬೆವರುತ್ತ, ನಗುತ್ತ ಕೂತಿದ್ದರು.

ಸಂಹಿತಾ ಮೈಕಿನ ಮುಂದೆ ನಿಂತು ಓದಿದಳು. “ಈಗ ನಿಮ್ಮ ಮುಂದೆ ಸ್ಯಾಕ್ಸೊಫೋನ್ ವಾದನ. ಉಮಾಕಾಂತ ಶೇರಿಗಾರರು ವಿದ್ವಾನ್ ಮಧುಸೂದನಾಚಾರ್ಯರ ಶಿಷ್ಯರು.” ಅವಳ ದನಿ ಎಳೆ ಹರಿಯುವ ಹಾಗೆ ತೆಳುವಾಗಿತ್ತು. ಜನ ಮೆಚ್ಚಿ ತಲೆದೂಗಿದರು, ಚಪ್ಪಾಳೆ ತಟ್ಟಿದರು.

ಉಮಾಕಾಂತ ವಾದ್ಯವನ್ನು ತುಟಿಗಿಟ್ಟ. ಎದೆ ತುಂಬ ಉಸಿರು ಎಳೆದುಕೊಂಡ. ಆ ಉಸಿರು ಹೊರಗೆ ಬರಲಿಲ್ಲ.

ವಾದ್ಯವನ್ನು ಇಳಿಸಿ ಮಡಿಲಲ್ಲಿಟ್ಟ.

“ಶುರು ಮಾಡಪ್ಪ,” ಎಂದರು ಲಕ್ಷ್ಮೀನಾರಾಯಣರು ಮೆಲ್ಲಗೆ.

“ಸರ್,” ಎಂದ ಅವನು. ಎದುರಿನ ಮೈಕಿನಲ್ಲಿ ಅದು ದೊಡ್ಡದಾಗಿ ಕೇಳಿತು. “ಮಧುಸೂದನಾಚಾರ್ಯರು ದೊಡ್ಡವರು. ಶಿಬಿರದಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಹೇಳಿಕೊಟ್ರು. ಅವರಿಗೆ ನನ್ನ ಹೆಸರೂ ಗೊತ್ತಿರ್ಲಿಕ್ಕಿಲ್ಲ. ನನ್ನ ಬಾಯಿಗೆ ರೀಡು ಇಟ್ಟದ್ದು ನನ್ನ ಅಪ್ಪ. ಹೀಗೆ ಊದು, ಇಲ್ಲಿ ನಿಲ್ಲಿಸು ಅಂತ ಹೊಟ್ಟೆ ಮುಟ್ಟಿ ಕಲಿಸಿದ್ದು ಅಪ್ಪ. ಅವರ ಉಸಿರನ್ನ ಇನ್ನೊಬ್ಬರ ಹೆಸರಲ್ಲಿ ಊದೂದು ನನ್ನಿಂದ ಆಗೂದಿಲ್ಲ.”

ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು.

“ಆಯ್ತು ಕಣಪ್ಪ, ಆಯ್ತು. ನೀನು ಹೇಳಿದ್ದೂ ಆಯ್ತು, ಎಲ್ರೂ ಕೇಳಿದ್ದೂ ಆಯ್ತು. ಈಗ ನುಡಿಸು.”

“ನಾನು ಹೇಳಿದ್ದು ಆಯ್ತು ಸರ್.” ಉಮಾಕಾಂತ ಮೊದಲ ಸಲ ತಲೆಯೆತ್ತಿ ಸಂಹಿತಾಳನ್ನು ನೋಡಿದ. ಈ ಸಲ ಕಣ್ಣು ಮುಚ್ಚಲಿಲ್ಲ, ಬೇರೆ ಕಡೆ ತಿರುಗಿಸಲೂ ಇಲ್ಲ. “ಇವರು ಹೇಳ್ಲಿಲ್ಲ. ನಾನು ಇವರ ಕೈಲಿ ತಪ್ಪು ಓದಿಸಿದೆ. ನನ್ನ ಅಪ್ಪನ ಹೆಸರು ಇವರ ಬಾಯಿಂದ ಬರ್ಬೇಕು. ಅಪ್ಪನಿಗೂ ಅದೇ ಖುಷಿ ಆದೀತು. ಅಲ್ಲಿವರೆಗೆ ನಾ ನುಡ್ಸುದಿಲ್ಲ.”

ಎಲ್ಲರಿಗಿಂತ ಮೊದಲು ಅರ್ಥವಾದದ್ದು ರಜನಿಗೆ. ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ನಗುತ್ತಿತ್ತು.

ಸಂಹಿತಾ ಕೈಯಲ್ಲಿದ್ದ ಕಾಗದವನ್ನು ಮಡಿಸಿದಳು. “ಉಮಾಕಾಂತ ಶೇರಿಗಾರರ ಗುರುಗಳು ವೆಂಕಟೇಶ ಶೇರಿಗಾರರು,” ಎಂದಳು. ಈ ಸಲ ಅವಳ ದನಿ ಕೊನೆಯ ಸಾಲನ್ನು ದಾಟಿ ಹಿಂದಿನ ಗೋಡೆಗೆ ಹೋಗಿ ತಾಗಿತು. “ಅವರು ಇವರ ತಂದೆ. ಹುಟ್ಟಿದ ಊರಿನಲ್ಲಿ ಜೀವನವಿಡೀ ಗುಡಿಯ ಬಾಗಿಲಲ್ಲಿ ನುಡಿಸಿದವರು.”

ಲಕ್ಷ್ಮೀನಾರಾಯಣರು ಎದ್ದು ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಇಷ್ಟು ವರ್ಷ ಒಂದೊಂದೇ ಕುರ್ಚಿ ಜೋಡಿಸಿ ಕಟ್ಟಿದ್ದು ಕಣ್ಣೆದುರೇ ಅಲುಗುತ್ತಿದೆ ಎಂಬ ಗಾಬರಿ. ಮೈಕಿಗೆ ಕೇಳಿಸದಂತೆ ಬಾಗಿ, ಕೈ ಚಾಚಿ ಹೇಳಿದರು: “ಸಾಕಮ್ಮ. ಟೈಮ್ ಆಗ್ತಿದೆ. ಮೈಕ್ ಇಲ್ಲಿ ಕೊಡು, ಹೋಗಿ ಕೂತ್ಕೋ. ಮನೆಗೆ ಹೋಗಿ ಮಾತಾಡೋಣ.”

ಆ ಮನೆ ಅವರದು. ಅವಳಿಗೆ ಗೊತ್ತಿತ್ತು. ಮೇಲಿನ ಕೋಣೆ, ಭಾನುವಾರದ ಸಾರು, ಈ ಪರದೇಶದಲ್ಲಿ ‘ಊಟ ಆಯ್ತಾ’ ಎಂದು ಕೇಳುವ ಎರಡು ದನಿಗಳು. ವೇದಿಕೆಯ ಮೇಲೆ ಉಮಾಕಾಂತ ಕಾಯುತ್ತಿದ್ದ, ವಾದ್ಯ ಮಡಿಲಲ್ಲೇ ಇತ್ತು.

“ಕೊಡಲ್ಲ ಅಂಕಲ್,” ಎಂದಳು ಸಂಹಿತಾ, ಮೈಕನ್ನು ಎರಡೂ ಕೈಯಲ್ಲಿ ಹಿಡಿದು. “ಇನ್ನೂ ಹೇಳೋದಿದೆ. ಇವರನ್ನ ಹೊರಗೆ ಬಿಟ್ಟು ಬಾಗಿಲು ಹಾಕಿದ್ದು ನಾನು.”